ನಿಯಮದ ಜೊತೆಗೆ ವಿವೇಚನೆಯನ್ನೂ ಅಂಗಳಕ್ಕಿಳಿಸಿದ ನೈಸ್ಮಿತ್

ಬೆಳಗಾವಿಯ ಸದಾಶಿವನಗರದ ಹುಡುಗರ ಬ್ಯಾಸ್ಕೆಟ್‌ಬಾಲ್ ಆಟವಿರಲಿ, ಒಲಿಂಪಿಕ್ಸ್ ಫೈನಲ್ ಇರಲಿ, ಸೀಟಿ ಹಿಡಿದವರನ್ನು ಕಾಡುವ ಪ್ರಶ್ನೆ ಒಂದೇ. ಎಲ್ಲ ತಪ್ಪಿಗೂ ಒಂದೇ ಅಳತೆಗೋಲೇ ಅಥವಾ ಸಂದರ್ಭ ನೋಡಿ ತೀರ್ಪೇ? ಈ ಪ್ರಶ್ನೆಯ ಬೇರು ಆಟದ ಜನಕ ಡಾ. ಜೇಮ್ಸ್ ನೈಸ್ಮಿತ್ ಅವರ ಬದುಕಿನಲ್ಲೇ ಇದೆ.

1861ರ ನವೆಂಬರ್ 6ರಂದು ಕೆನಡಾದ ಆಲ್ಮಾಂಟ್ ಬಳಿ ಜನಿಸಿದ ನೈಸ್ಮಿತ್ ಬಾಲ್ಯದಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡರು. ಮಾಂಟ್ರಿಯಲ್‌ನಲ್ಲಿ ಧರ್ಮಶಾಸ್ತ್ರ ಓದಿದರೂ ದೈಹಿಕ ಶಿಕ್ಷಣದ ಹಾದಿ ಹಿಡಿದರು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಹಿಡಿತಕ್ಕೆ ಸಿಗದ 18 ವಿದ್ಯಾರ್ಥಿಗಳ ತರಗತಿ ಅವರ ಪಾಲಿಗೆ ಬಂತು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಲ್ಲ ಆಟವನ್ನು ಎರಡು ವಾರಗಳಲ್ಲಿ ರೂಪಿಸಬೇಕಿತ್ತು. 10 ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿಸಿ, 13 ನಿಯಮಗಳನ್ನು ಬರೆದರು.

ಎದುರಾಳಿಯನ್ನು ತಳ್ಳುವುದು, ಹಿಡಿಯುವುದು, ಹೊಡೆಯುವುದು ಫೌಲ್. ಎರಡನೇ ಬಾರಿ ಹಾಗೆ ಮಾಡಿದವನು ಮುಂದಿನ ಗೋಲಿನವರೆಗೆ ಹೊರಗೆ. ಇದು ಎಲ್ಲರಿಗೂ ಸಮಾನ ಅಳತೆ. ಆದರೆ ಗಾಯಗೊಳಿಸುವ ಉದ್ದೇಶ ಸ್ಪಷ್ಟವಾಗಿದ್ದರೆ ಇಡೀ ಪಂದ್ಯದಿಂದಲೇ ಹೊರಗೆ. ಉದ್ದೇಶವನ್ನು ಅಳೆಯುವ ಹೊಣೆ ಮಾತ್ರ ಅಂಪೈರ್‌ನ ವಿವೇಚನೆಗೆ ಸೇರಿತು.

ನಿಯಮ ತಾನೇ ಎಡವಿದ್ದೂ ಉಂಟು. ಅಂಗಳದಾಚೆ ಹೋದ ಚೆಂಡನ್ನು ಮೊದಲು ಮುಟ್ಟಿದವನೇ ಒಳಗೆಸೆಯಬೇಕು ಎಂಬ ವಿಧಿಯಿಂದಾಗಿ ಆಟಗಾರರು ಚೆಂಡಿನ ಹಿಂದೆ ಮುಗಿಬೀಳತೊಡಗಿದರು. ತಪ್ಪಿಸಬೇಕೆಂದಿದ್ದ ನೂಕುನುಗ್ಗಲನ್ನು ನಿಯಮವೇ ಹುಟ್ಟುಹಾಕಿತು. ಎಷ್ಟೇ ಕಟ್ಟುನಿಟ್ಟಾಗಿ ಪಾಲಿಸಿದರೂ ಉದ್ದೇಶ ಕೆಡಿಸುವ ನಿಯಮ ನಿಲ್ಲಲಾರದು; ಆ ವಿಧಿ ಮುಂದೆ ಬದಲಾಯಿತು.

1898ರಲ್ಲಿ ವೈದ್ಯಕೀಯ ಪದವಿ ಪಡೆದ ನೈಸ್ಮಿತ್ ಅದೇ ವರ್ಷ ಕಾನ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರ ತಂಡ 55 ಪಂದ್ಯ ಗೆದ್ದು 60ರಲ್ಲಿ ಸೋತಿತು. ಆಟ ಗೆಲುವಿಗಿಂತ ವ್ಯಕ್ತಿತ್ವಕ್ಕಾಗಿ ಎಂಬುದು ಅವರ ನಿಲುವಾಗಿತ್ತು. ಇತ್ತ ಹ್ಯಾರಿ ಬಕ್ 1920ರಲ್ಲಿ ಮದ್ರಾಸಿನಲ್ಲಿ ಸ್ಥಾಪಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ದಕ್ಷಿಣ ಭಾರತದ ಕ್ರೀಡಾಶಿಕ್ಷಕರನ್ನು ತಯಾರು ಮಾಡಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ತಮ್ಮ ಆಟ ಪದಕದ ಸ್ಪರ್ಧೆಯಾದುದನ್ನು ನೈಸ್ಮಿತ್ ಕಣ್ಣಾರೆ ಕಂಡರು. 1939ರ ನವೆಂಬರ್ 28ರಂದು ನಿಧನರಾದರು.

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಾವಳಿ ಇಂದು ರೆಫರಿಗೆ ನಿಯಮದ ಆಶಯವನ್ನು ಕಾಪಾಡಲು ಹೇಳುತ್ತದೆ. ಸಾಮಾನ್ಯ ಜ್ಞಾನ ಬಳಸಲೂ, ಅದನ್ನು ಎಲ್ಲರಿಗೂ ಒಂದೇ ರೀತಿ ಬಳಸಲೂ ಸೂಚಿಸುತ್ತದೆ. ಏಕರೂಪತೆ ಮತ್ತು ವಿವೇಕ ಪರಸ್ಪರ ಶತ್ರುಗಳಲ್ಲ ಎಂಬ ಪಾಠ ಆ 13 ನಿಯಮಗಳಲ್ಲೇ ಅಡಗಿತ್ತು.