ಕಾಗದ ಕೇಳಿದವರ ಎದುರು ಬಿಲ್ಲು ಹಿಡಿದ ಬಿರ್ಸಾ

ಪಹಣಿಯಲ್ಲಿ ಹೆಸರಿಲ್ಲದವನನ್ನು ತಾಲೂಕು ಕಚೇರಿಯಲ್ಲಿ ಯಾರೂ ಮಾತಾಡಿಸೋಲ್ಲ. ಅಜ್ಜ ಉತ್ತ ಹೊಲ, ಅಪ್ಪ ಉತ್ತ ಹೊಲ ಅಂತ ಎಷ್ಟು ಬಾಯಿ ಬಡಿದುಕೊಂಡರೂ ಅಷ್ಟೇ. ಕಾಗದ ಎಲ್ಲಿ ಅಂತ ಕೇಳುತ್ತಾರೆ. ಅರ್ಜಿ ಹಿಡಿದು ಬಸ್ಸು ಹತ್ತಿ ಇಳಿದವರಿಗೆಲ್ಲ ಇದು ಗೊತ್ತಿರುವ ಸಂಗತಿ.

ಇವತ್ತಿನ ಜಾರ್ಖಂಡ್ ಇರುವ ಛೋಟಾನಾಗಪುರದ ಮುಂಡಾ ಜನಕ್ಕೆ ನೂರೈವತ್ತು ವರ್ಷದ ಹಿಂದೆ ಬಂದಿದ್ದೂ ಇದೇ ಗತಿ. ಅವರ ಪರವಾಗಿ ಎದ್ದು ನಿಂತವನು ಬಿರ್ಸಾ ಮುಂಡಾ. ಸಾಯುವಾಗ ಅವನಿಗೆ ಇಪ್ಪತ್ತೈದು ತುಂಬಿರಲಿಲ್ಲ.

ಕಾಡು ಕಡಿದವನದೇ ನೆಲ

ಮುಂಡಾರಲ್ಲಿ ಒಂದು ಪದ್ಧತಿ ಇತ್ತು. ಮೊದಲು ಕಾಡು ಕಡಿದು ಊರು ಕಟ್ಟಿದ ವಂಶಕ್ಕೆ ಆ ನೆಲ ಸೇರಿದ್ದು. ಒಬ್ಬನದಲ್ಲ, ಇಡೀ ಕುಲದ್ದು. ಅದಕ್ಕೆ ಖೂಂಟ್‌ಕಟ್ಟಿ ಅಂತ ಹೆಸರು. ಇದಕ್ಕೆ ಪತ್ರ ಇಲ್ಲ, ಮೊಹರು ಇಲ್ಲ. ಹಿರಿಯರನ್ನು ಹೂಳಿದ ಜಾಗದ ಕಲ್ಲುಗಳೇ ಸಾಕ್ಷಿ.

1765ರಲ್ಲಿ ಬಂಗಾಳ, ಬಿಹಾರದ ದಿವಾನಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಕಂಪನಿಗೆ ಬೇಕಾಗಿದ್ದು ಕಂದಾಯ. ರಾಜನ ಕಡೆಯಿಂದ ಜಾಗೀರುದಾರರು, ಗುತ್ತಿಗೆದಾರರು ಹೊರಗಿನಿಂದ ಬಂದು ಕೂತರು. ನೆಲದ ಒಡೆಯ ಒಕ್ಕಲಾದ. ಒಕ್ಕಲು ಬಿಟ್ಟಿ ಆಳಾದ. ಸಂಬಳ ಇಲ್ಲದ ಈ ಚಾಕರಿಗೆ ಅಲ್ಲಿ ಬೇಠ್ ಬೇಗಾರಿ ಅಂತಾರೆ.

ಅಂಗಡಿ ಇಟ್ಟವರು ಬೇಜಾರು ಮಾಡಿಕೊಳ್ಳದೆ ಓದಬೇಕು. ಜಮೀನುದಾರನ ಬೆನ್ನಿಗೇ ಸಾಲ ಕೊಡುವವರೂ ವ್ಯಾಪಾರದವರೂ ಬಂದರು. ಅಕ್ಷರ ಬಾರದವನ ಹೆಬ್ಬೆಟ್ಟು ಒತ್ತಿಸಿಕೊಂಡು, ಬಡ್ಡಿ ಮೇಲೆ ಬಡ್ಡಿ ಹಾಕಿ ಗದ್ದೆ ಬರೆಸಿಕೊಂಡರು. ಹೀಗೆ ಹೊರಗಿನಿಂದ ಬಂದು ಮೇಲೆ ಕೂತವರನ್ನೆಲ್ಲ ಮುಂಡಾರು ದಿಕು ಅಂದರು. ನ್ಯಾಯ ಕೇಳಲು ಕೋರ್ಟಿಗೆ ಹೋದರೆ ಅಲ್ಲಿನ ಭಾಷೆಯೇ ಇವರಿಗೆ ತಿಳಿಯದು. 1831-32ರಲ್ಲಿ ದೊಡ್ಡ ದಂಗೆಯಾಯಿತು, ಅದನ್ನೂ ಬಗ್ಗುಬಡಿದರು.

ಕುರಿ ಕಾಯ್ದ ಹುಡುಗ

ಬಿರ್ಸಾ ಹುಟ್ಟಿದ್ದು 1875ರ ನವೆಂಬರ್ 15ರಂದು, ಉಲಿಹಾತು ಎಂಬ ಊರಲ್ಲಿ. ತಂದೆ ಸುಗನಾ, ತಾಯಿ ಕರ್ಮಿ. ಕಡುಬಡತನ. ಹುಡುಗನನ್ನು ಸ್ವಲ್ಪ ಕಾಲ ಸೋದರಮಾವನ ಊರಿಗೆ ಕಳಿಸಿದರು. ಅಲ್ಲಿ ಕುರಿ ಕಾಯುತ್ತಾ ಕೊಳಲು ಊದಿಕೊಂಡಿದ್ದ.

ಆಮೇಲೆ ಓದಿಗೆ ಚಾಯಿಬಾಸಾದ ಜರ್ಮನ್ ಮಿಶನ್ ಶಾಲೆ ಸೇರಿದ. 1886ರಿಂದ 1890ರವರೆಗೆ ಅಲ್ಲೇ ಇದ್ದ. ಮನೆಯವರು ಕ್ರೈಸ್ತರಾಗಿದ್ದರು. ಪಾದ್ರಿಗಳು ಕೋರ್ಟಿನಲ್ಲಿ ನೆರವಾಗಿ ಹೋದ ಭೂಮಿ ವಾಪಸು ಕೊಡಿಸುತ್ತಾರೆ ಅನ್ನೋ ಆಸೆಯಿಂದ ಆ ಕಾಲದಲ್ಲಿ ಎಷ್ಟೋ ಮುಂಡಾರು ಮಿಶನ್ ಸೇರಿದ್ದರು. ಭೂಮಿ ಬರಲಿಲ್ಲ. ಅರ್ಜಿ ಬರೆದು ಬರೆದು ಸೋತ ಮುಂಡಾ ಸರ್ದಾರರನ್ನು ಪಾದ್ರಿಗಳೇ ಹಳಿಯತೊಡಗಿದರು. ಬಿರ್ಸಾ ಶಾಲೆ ಬಿಟ್ಟ, ಕುಟುಂಬ ಮಿಶನ್ ಬಿಟ್ಟಿತು. ಮುಂದೆ ಬಂದ್‌ಗಾಂವ್‌ನಲ್ಲಿ ವೈಷ್ಣವರೊಬ್ಬರ ಸಹವಾಸದಲ್ಲಿದ್ದು ಜನಿವಾರ ಹಾಕಿದ, ಮಾಂಸ ಬಿಟ್ಟ. ಅಲ್ಲೂ ಅವನ ಮನಸ್ಸು ನಿಲ್ಲಲಿಲ್ಲ.

ವೈದ್ಯ, ಗುರು, ಆಮೇಲೆ ಕೈದಿ

1895ರಲ್ಲಿ ಚಲ್ಕಡ್ ಎಂಬ ಹಳ್ಳಿಗೆ ಜನ ಸಾಲುಗಟ್ಟಿ ಬರಲು ಶುರು. ಬಿರ್ಸಾ ಮುಟ್ಟಿದರೆ ರೋಗ ವಾಸಿ ಅಂತ ಸುದ್ದಿ ಹಬ್ಬಿತ್ತು. ಅವನು ಹೇಳಿದ್ದು ಮಾತ್ರ ಸರಳ. ದೇವರು ಒಬ್ಬನೇ, ಸಿಂಗ್‌ಬೋಂಗಾ. ಹೆಂಡ ಬಿಡಿ, ಬಲಿ ನಿಲ್ಲಿಸಿ, ಮೈ ಮನೆ ಚೊಕ್ಕಟ ಇಡಿ, ಭೂತ ಮಾಟ ಅಂತ ಹೆದರಬೇಡಿ ಅಂದ. ಜನ ಅವನನ್ನು ಭಗವಾನ್ ಅಂದರು, ಧರ್ತಿ ಆಬಾ ಅಂದರು. ಧರ್ತಿ ಆಬಾ ಅಂದರೆ ಭೂಮಿಯ ತಂದೆ.

ಇಷ್ಟಕ್ಕೇ ನಿಂತಿದ್ದರೆ ಸರ್ಕಾರ ಸುಮ್ಮನಿರುತ್ತಿತ್ತೋ ಏನೋ. ರಾಣಿಯ ರಾಜ್ಯ ಮುಗಿಯುತ್ತದೆ, ನಮ್ಮ ರಾಜ್ಯ ಬರುತ್ತದೆ, ಕಂದಾಯ ಕೊಡಬೇಡಿ ಅನ್ನೋ ಮಾತೂ ಹಳ್ಳಿ ಹಳ್ಳಿಗೆ ಹೋಯಿತು. 1895ರ ಆಗಸ್ಟ್ 24ರ ರಾತ್ರಿ ಪೊಲೀಸರು ಬಂದು ಹಿಡಿದರು. ಎರಡು ವರ್ಷ ಸಜೆ. ಅವನು ಹಜಾರಿಬಾಗ್ ಜೈಲಿನಲ್ಲಿದ್ದಾಗ ಹೊರಗೆ ಬರಗಾಲ.

1897ರ ಕೊನೆಗೆ ಬಿಡುಗಡೆಯಾಗಿ ಬಂದ ಬಿರ್ಸಾ ಬೇರೆಯೇ ಮನುಷ್ಯ. ಎರಡು ವರ್ಷ ರಾತ್ರಿ ಹೊತ್ತು, ಕಾಡಿನಲ್ಲಿ, ಡೊಂಬಾರಿ ಗುಡ್ಡದ ಮೇಲೆ ಸಭೆ ನಡೆದವು. 1899ರ ಕ್ರಿಸ್‌ಮಸ್ ಹಿಂದಿನ ರಾತ್ರಿ ರಾಂಚಿ, ಸಿಂಗ್‌ಭೂಮ್ ಸೀಮೆಯಲ್ಲಿ ಒಟ್ಟೊಟ್ಟಿಗೆ ಬಾಣ ಹಾರಿದವು. ಚರ್ಚು, ಮಿಶನ್ ಬಂಗಲೆ ಯಾವುದನ್ನೂ ಬಿಡಲಿಲ್ಲ. ಬಾಣಕ್ಕೆ ಸಿಕ್ಕವರಲ್ಲಿ ಮತ ಬದಲಿಸಿದ್ದ ಅವರದೇ ಜನವೂ ಇದ್ದರು. ಇದನ್ನು ಮುಚ್ಚಿಡಬೇಕಾದ್ದಿಲ್ಲ. 1900ರ ಜನವರಿ 7ರಂದು ಖೂಂಟಿ ಠಾಣೆಯ ಮೇಲೆ ದಾಳಿಯಾಯಿತು.

ಎರಡೇ ದಿನಕ್ಕೆ, ಜನವರಿ 9ರಂದು, ಸೈಲ್ ರಕಾಬ್ ಗುಡ್ಡವನ್ನು ಸೈನ್ಯ ಸುತ್ತುವರಿಯಿತು. ಮೇಲೆ ಬಿಲ್ಲು, ಕೊಡಲಿ, ಕವಣೆ ಕಲ್ಲು. ಕೆಳಗೆ ಬಂದೂಕು. ಗುಡ್ಡದ ಮೇಲೆ ಹೆಂಗಸರು ಮಕ್ಕಳೂ ಇದ್ದರು. ಸತ್ತವರ ಸರ್ಕಾರಿ ಲೆಕ್ಕ ಚಿಕ್ಕದು, ಊರವರು ಹೇಳುವ ಲೆಕ್ಕ ಬಲು ದೊಡ್ಡದು.

ಬಿರ್ಸಾ ತಪ್ಪಿಸಿಕೊಂಡ. ಅವನ ತಲೆಗೆ 500 ರೂಪಾಯಿ ಇನಾಮು ಕಟ್ಟಿದ್ದರು. ಹೊಟ್ಟೆಗಿಲ್ಲದ ಸೀಮೆಯಲ್ಲಿ 500 ರೂಪಾಯಿ ಅಂದರೆ ಸುಮ್ಮನೆ ಅಲ್ಲ. ಫೆಬ್ರವರಿ 3ರಂದು ಕಾಡಿನಲ್ಲಿ ಸಿಕ್ಕಿಬಿದ್ದ. ಹಿಡಿದುಕೊಟ್ಟವರು ಅಕ್ಕಪಕ್ಕದ ಹಳ್ಳಿಯವರೇ.

ಕೇಸು ಮುಗಿಯುವ ಮೊದಲೇ, 1900ರ ಜೂನ್ 9ರಂದು, ರಾಂಚಿ ಜೈಲಿನಲ್ಲಿ ಪ್ರಾಣ ಹೋಯಿತು. ಕಾಲರಾ ಅಂತ ಬರೆದುಕೊಂಡರು. ವಿಷ ಹಾಕಿದರು ಅಂತ ಜನ ಇವತ್ತೂ ನಂಬುತ್ತಾರೆ. ಅವನ ಕಡೆಯ ಸುಮಾರು 350 ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ಮೂವರಿಗೆ ಗಲ್ಲು, 44 ಮಂದಿಗೆ ಜೀವಾವಧಿ ಗಡೀಪಾರು.

ಎಂಟು ವರ್ಷದ ಮೇಲೆ

ದಂಗೆ ಸೋತಿತು, ಆದರೆ ಸರ್ಕಾರ ಹೆದರಿತ್ತು. ಊರೂರಿಗೆ ಸರ್ವೆಯವರನ್ನು ಕಳಿಸಿ ಯಾರ ನೆಲ ಯಾವುದು ಅಂತ ಬರೆಸಿತು. 1908ರಲ್ಲಿ ಛೋಟಾನಾಗಪುರ ಗೇಣಿ ಕಾಯಿದೆ ಬಂತು. ಖೂಂಟ್‌ಕಟ್ಟಿ ಹಕ್ಕು ಕಾನೂನಿನ ಪುಸ್ತಕ ಸೇರಿತು. ಆದಿವಾಸಿ ಭೂಮಿ ಹೊರಗಿನವರ ಪಾಲಾಗದಂತೆ ತಡೆ ಬಿತ್ತು. ಬಿರ್ಸಾ ಬದುಕಿದ್ದರೆ ಆಗ ಅವನಿಗೆ ಮೂವತ್ತಮೂರರ ಆಸುಪಾಸು.

ಆ ಕಾಯಿದೆ ಈಗಲೂ ಇದೆ. ಅದನ್ನು ಸಡಿಲ ಮಾಡಲು 2016ರಲ್ಲಿ ಜಾರ್ಖಂಡ್ ಸರ್ಕಾರವೇ ತಿದ್ದುಪಡಿ ತಂದಿತ್ತು. ಜನ ಬೀದಿಗಿಳಿದರು. 2017ರಲ್ಲಿ ರಾಜ್ಯಪಾಲೆ ದ್ರೌಪದಿ ಮುರ್ಮು ಮಸೂದೆಯನ್ನು ವಾಪಸು ಕಳಿಸಿದರು, ಸರ್ಕಾರ ಅದನ್ನು ಕೈಬಿಟ್ಟಿತು. ಸ್ವತಃ ಸಂತಾಲ ಸಮುದಾಯದ ಅವರು 2022ರಲ್ಲಿ ರಾಷ್ಟ್ರಪತಿಯಾದರು.

ನಮ್ಮಲ್ಲೂ ಅಂಥದ್ದೇ ಉದ್ದೇಶದ ಕಾಯಿದೆ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿ ಪರಭಾರೆ ಆಗದಂತೆ ತಡೆಯುವ 1978ರ ಕಾಯಿದೆ. ಪಿಟಿಸಿಎಲ್ ಅಂದರೆ ರಿಜಿಸ್ಟ್ರಾರ್ ಕಚೇರಿ ಮುಂದೆ ನಿಂತವರಿಗೆಲ್ಲ ಗೊತ್ತು. ಸೈಟು ತಗೊಳ್ಳುವವರಿಗೆ ಅದು ಒಂದು ತಲೆನೋವು ಅನ್ನಿಸಬಹುದು. ಆದರೆ ಇಂಥ ತಡೆ ಯಾಕೆ ಬೇಕಾಯಿತು ಅನ್ನೋದಕ್ಕೆ ಛೋಟಾನಾಗಪುರದ ಕಥೆಗಿಂತ ಬೇರೆ ಉತ್ತರ ಬೇಡ.

2000ದಲ್ಲಿ ಜಾರ್ಖಂಡ್ ರಾಜ್ಯ ಹುಟ್ಟಿದ್ದು ಬಿರ್ಸಾ ಜಯಂತಿಯ ದಿನವೇ. 2021ರಿಂದ ನವೆಂಬರ್ 15 ಇಡೀ ದೇಶಕ್ಕೆ ಜನಜಾತೀಯ ಗೌರವ ದಿನ. ರಾಂಚಿಯ ವಿಮಾನ ನಿಲ್ದಾಣಕ್ಕೂ ಅವನ ಹೆಸರಿದೆ. ಫೋಟೋಗೆ ಹಾರ ಹಾಕುವುದು ಸುಲಭ. ಹಾರ ಹಾಕಿದ ದಿನವೇ, ಕಚೇರಿ ಬಾಗಿಲಲ್ಲಿ ಕಾಗದ ಇಲ್ಲದೆ ನಿಂತವನ ಅರ್ಜಿಯನ್ನೂ ಒಂದಿಷ್ಟು ತೆರೆದು ನೋಡಿದರೆ ಬಿರ್ಸಾ ಕೇಳಿದ್ದು ಅಷ್ಟರಮಟ್ಟಿಗೆ ಸಿಕ್ಕಂತೆ.