ಗ್ರೆಗರ್ ಮೆಂಡಲ್

ಹಾವೇರಿ, ರಾಣೇಬೆನ್ನೂರುಗಳ ಸುತ್ತಿನ ಹಳ್ಳಿಗಳಲ್ಲಿ ಹತ್ತಿಯ ಬಿತ್ತನೆ ಬೀಜ ಬೆಳೆಯುವ ಹೊಲಗಳಿವೆ. ಮಧ್ಯಾಹ್ನ ಕಳೆದ ಮೇಲೆ ಹೆಣ್ಣುಮಕ್ಕಳು ಸಾಲು ಹಿಡಿದು ನಡೆಯುತ್ತ, ಮರುದಿನ ಅರಳಲಿರುವ ಮೊಗ್ಗುಗಳನ್ನು ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಪಕಳೆಗಳನ್ನೂ ಕೇಸರಗಳನ್ನೂ ಬಿಡಿಸಿ ತೆಗೆಯುತ್ತಾರೆ. ಬೆಳಗಾದ ಮೇಲೆ ಬೇರೊಂದು ತಳಿಯ ಹೂವನ್ನು ತಂದು, ಅದರ ಪರಾಗವನ್ನು ಅಲ್ಲಿ ಉಳಿದ ಶಲಾಕಾಗ್ರಕ್ಕೆ ಮೃದುವಾಗಿ ಸವರುತ್ತಾರೆ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನ ಕೇಂದ್ರದಿಂದ ವರಲಕ್ಷ್ಮಿ ಎಂಬ ಮಿಶ್ರತಳಿ ಹತ್ತಿ ಹೊರಬಂದ ಮೇಲೆ ನಮ್ಮ ರೈತರಿಗೆ ಈ ಕೆಲಸ ಕೈವಶವಾಯಿತು. ಇದನ್ನೇ ಒಂದು ಶತಮಾನಕ್ಕೂ ಹಿಂದೆ, ಮಧ್ಯ ಯುರೋಪಿನ ಒಂದು ಮಠದ ತೋಟದಲ್ಲಿ, ಒಬ್ಬ ಸಂನ್ಯಾಸಿ ಏಕಾಂಗಿಯಾಗಿ ಎಂಟು ವರ್ಷಗಳ ಕಾಲ ಮಾಡಿದನು. ಅವನೇ ಗ್ರೆಗರ್ ಮೆಂಡಲ್.

ಮೆಂಡಲ್ 1822ರ ಜುಲೈ ತಿಂಗಳಲ್ಲಿ, ಆಗ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದು ಈಗ ಚೆಕ್ ಗಣರಾಜ್ಯದಲ್ಲಿರುವ ಹೈನ್‌ಜೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆತಾಯಿಗಳು ಇಟ್ಟ ಹೆಸರು ಯೋಹಾನ್. ತಂದೆ ಬಡ ಒಕ್ಕಲಿಗ. 1838ರಲ್ಲಿ ಮರದ ದಿಮ್ಮಿಯೊಂದು ಉರುಳಿ ತಂದೆಗೆ ತೀವ್ರ ಪೆಟ್ಟಾಯಿತು. ಮಗನ ಓದಿಗೆ ಹಣ ಒದಗಿಸುವ ಶಕ್ತಿ ಮನೆಗೆ ಉಳಿಯಲಿಲ್ಲ. ಅರೆಹೊಟ್ಟೆಯಲ್ಲಿ ಓದುತ್ತಿದ್ದ ಬಾಲಕ ಹಲವು ಬಾರಿ ಕಾಯಿಲೆ ಬಿದ್ದನು. ಆಗ ತಂಗಿ ತೆರೇಸಿಯ ತನ್ನ ಮದುವೆಗೆಂದು ಇಟ್ಟಿದ್ದ ಹಣದಲ್ಲಿ ಒಂದು ಪಾಲನ್ನು ಅಣ್ಣನ ವಿದ್ಯೆಗಾಗಿ ಬಿಟ್ಟುಕೊಟ್ಟಳು. ಈ ಋಣವನ್ನು ಮೆಂಡಲ್ ಮರೆಯಲಿಲ್ಲ. ಮುಂದೆ ಅವಳ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸದ ಹೊಣೆಯನ್ನು ಅವನೇ ಹೊತ್ತನು. ಅವರಲ್ಲಿ ಇಬ್ಬರು ವೈದ್ಯರಾದರು.

1843ರಲ್ಲಿ ಅವನು ಬ್ರೂನ್ ನಗರದ ಸಂತ ಥಾಮಸ್ ಮಠವನ್ನು ಸೇರಿ ಗ್ರೆಗರ್ ಎಂಬ ಹೆಸರು ಪಡೆದನು. ಆ ಮಠ ವಿದ್ಯೆಗೆ ಹೆಸರಾದ ಸ್ಥಳವಾಗಿದ್ದಿತು. 1850ರಲ್ಲಿ ಕಾಯಂ ಉಪಾಧ್ಯಾಯನಾಗಲು ಪರೀಕ್ಷೆಗೆ ಕುಳಿತು ಅನುತ್ತೀರ್ಣನಾದನು. ಮಠದ ಹಿರಿಯರು ಅವನನ್ನು ಕೈಬಿಡದೆ ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ ಡಾಪ್ಲರ್‌ನಿಂದ ಭೌತಶಾಸ್ತ್ರವನ್ನೂ, ಉಂಗರ್‌ನಿಂದ ಸಸ್ಯಶಾಸ್ತ್ರವನ್ನೂ ಕಲಿತನು. 1856ರಲ್ಲಿ ಮತ್ತೆ ಪರೀಕ್ಷೆಗೆ ಹೋದನು; ಆಗಲೂ ಯಶಸ್ಸು ದೊರೆಯಲಿಲ್ಲ. ಕೊನೆಯವರೆಗೂ ಬದಲಿ ಉಪಾಧ್ಯಾಯನಾಗಿಯೇ ಪಾಠ ಹೇಳಿದನು. ಪರೀಕ್ಷೆಯಲ್ಲಿ ಸೋತ ಅದೇ ವರ್ಷ ಬಟಾಣಿಯ ಪ್ರಯೋಗಗಳು ಆರಂಭವಾದುವೆಂಬುದನ್ನು ಗಮನಿಸಬೇಕು.

ತಂದೆತಾಯಿಗಳ ಗುಣಗಳು ಹಾಲೂ ನೀರೂ ಬೆರೆತಂತೆ ಮಕ್ಕಳಲ್ಲಿ ಬೆರೆತುಹೋಗುತ್ತವೆಂದು ಆ ಕಾಲದ ಪಂಡಿತರು ನಂಬಿದ್ದರು. ಮೆಂಡಲ್ ಮೂವತ್ತನಾಲ್ಕು ಬಗೆಯ ಬಟಾಣಿಗಳನ್ನು ತರಿಸಿ, ಎರಡು ವರ್ಷ ಬೆಳೆದು ಪರೀಕ್ಷಿಸಿ, ಇಪ್ಪತ್ತೆರಡನ್ನು ಆರಿಸಿಕೊಂಡನು. ಕಾಳು ದುಂಡಗೋ ಸುಕ್ಕೋ, ಹಳದಿಯೋ ಹಸಿರೋ, ಗಿಡ ಎತ್ತರವೋ ಗಿಡ್ಡವೋ - ಹೀಗೆ ಏಳು ಜೋಡಿ ಗುಣಗಳನ್ನು ಮಾತ್ರ ನೋಡುವುದೆಂದು ನಿಶ್ಚಯಿಸಿದನು. ದುಂಡುಕಾಳಿನ ತಳಿಯನ್ನೂ ಸುಕ್ಕುಕಾಳಿನ ತಳಿಯನ್ನೂ ಕೂಡಿಸಿದಾಗ ಹುಟ್ಟಿದ ಕಾಳುಗಳೆಲ್ಲ ದುಂಡಗೇ ಇದ್ದವು. ಸುಕ್ಕು ಅಳಿದುಹೋಯಿತೆಂದು ಬೇರೆಯವರು ಕೈಬಿಡುತ್ತಿದ್ದರು. ಮೆಂಡಲ್ ಆ ಕಾಳುಗಳನ್ನು ಬಿತ್ತಿ, ತಮ್ಮಷ್ಟಕ್ಕೆ ಫಲಿಸಲು ಬಿಟ್ಟು, ಬಂದ ಬೆಳೆಯನ್ನು ಎಣಿಸಿದನು. ಒಟ್ಟು 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಮೂರಕ್ಕೆ ಒಂದರಂತೆ ಸುಕ್ಕು ಮರಳಿ ಬಂದಿದ್ದಿತು! ಮೇಲೆ ಕಾಣುವ ಗುಣವನ್ನು ಅವನು ಪ್ರಬಲವೆಂದೂ, ಮರೆಯಲ್ಲಿ ಅಡಗಿ ಕುಳಿತ ಗುಣವನ್ನು ದುರ್ಬಲವೆಂದೂ ಕರೆದನು.

ಆದರೆ ದುಂಡಗಿರುವ ಕಾಳುಗಳಲ್ಲಿ ಯಾವುದು ಸುಕ್ಕನ್ನು ಬಚ್ಚಿಟ್ಟುಕೊಂಡಿದೆ? ಕಣ್ಣಿಗೆ ಅದು ತಿಳಿಯುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಮೆಂಡಲನ ಪ್ರತಿಭೆ ಪೂರ್ಣವಾಗಿ ಬೆಳಗುವುದು ಈ ಪ್ರಶ್ನೆಯಲ್ಲಿಯೇ. ಅವನು ಆ ದುಂಡುಕಾಳುಗಳಿಂದ 565 ಗಿಡಗಳನ್ನು ಬೆಳೆಸಿ, ಒಂದೊಂದರ ಸಂತಾನವನ್ನೂ ಬೇರೆಬೇರೆಯಾಗಿ ನೋಡಿದನು. 193 ಗಿಡಗಳು ದುಂಡುಕಾಳನ್ನೇ ಕೊಟ್ಟವು. 372 ಗಿಡಗಳು ಎರಡನ್ನೂ ಕೊಟ್ಟವು. ಎಂದರೆ, ದುಂಡಗೆ ಕಾಣುವ ಮೂರು ಕಾಳುಗಳಲ್ಲಿ ಸುಮಾರು ಎರಡು ಸುಕ್ಕನ್ನು ಒಳಗಿಟ್ಟುಕೊಂಡಿದ್ದವು. ಮಿಶ್ರತಳಿಯನ್ನು ಮರಳಿ ದುರ್ಬಲ ಗುಣದ ತಳಿಯೊಡನೆಯೇ ಕೂಡಿಸಿ ನೋಡುವ ಇನ್ನೊಂದು ದಾರಿಯನ್ನೂ ಅವನು ಹಿಡಿದನು. ಹಾಗೆ ಮಾಡಿದಾಗ ಅಡಗಿದ್ದ ಗುಣ ಅರ್ಧದಷ್ಟು ಸಂತಾನದಲ್ಲಿ ಹೊರಬೀಳುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಬೇರೆ ತಳಿಯ ಮೆಣಸಿನಗಿಡಗಳು ಹತ್ತಿರದ ಹೊಲದಲ್ಲಿದ್ದರೆ ಜೇನುನೊಣಗಳು ಪರಾಗವನ್ನು ಒಯ್ದು ಬೆರೆಸುತ್ತವೆ. ಆ ವರ್ಷದ ಕಾಯಿ ತಾಯಿಗಿಡದ ಕಾಯಿಯಂತೆಯೇ ಕೆಂಪಾಗಿ, ಸುಕ್ಕುಸುಕ್ಕಾಗಿ ಇರುತ್ತದೆ. ಬೆರಕೆ ಗೊತ್ತಾಗುವುದು ಅದರ ಬೀಜವನ್ನು ಬಿತ್ತಿದ ಮೇಲೆ. ಮಿಶ್ರತಳಿ ಹತ್ತಿಯ ಬೀಜವನ್ನು ಮನೆಯಲ್ಲಿ ಉಳಿಸಿ ಮರುವರ್ಷ ಬಿತ್ತಿದ ರೈತನ ಹೊಲದಲ್ಲಿ ಗಿಡಗಳು ಒಂದೊಂದು ಒಂದೊಂದು ತೆರನಾಗುವುದಕ್ಕೂ ಕಾರಣ ಇದೇ.

ಪ್ರಾಣಿಗಳಿಗೂ ಈ ನಿಯಮ ಸಲ್ಲುತ್ತದೆ. ಅಮೆರಿಕದಲ್ಲಿ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವನ್ನು ಮನೆಗಳಲ್ಲಿ ಸಾಕುತ್ತಾರೆ. ಅದರ ಕಿತ್ತಳೆ ಮೈಯ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳಿರುತ್ತವೆ. ಕೆಲವೊಮ್ಮೆ ಸಾಮಾನ್ಯ ಬಣ್ಣದ ತಂದೆತಾಯಿಗಳಿಗೆ ಕಪ್ಪು ವರ್ಣವೇ ಇಲ್ಲದ, ಕೆಂಪು ಕಣ್ಣಿನ ಮರಿಗಳು ಹುಟ್ಟುತ್ತವೆ. ಇದೂ ದುರ್ಬಲ ಗುಣವೇ. ಅಂಥ ಮರಿಗಳ ಒಡಹುಟ್ಟಿದ ಸಾಮಾನ್ಯ ಮರಿಯಲ್ಲಿ ಆ ಗುಣ ಅಡಗಿರುವ ಸಂಭವ ಮೂರರಲ್ಲಿ ಎರಡು; ಬಟಾಣಿಯ ಲೆಕ್ಕವೇ ಇಲ್ಲಿಯೂ. ಅದನ್ನು ಅರಿಯಲು ಸಾಕುವವರು ಆ ಹಾವನ್ನು ಕಪ್ಪಿಲ್ಲದ ಹಾವಿನೊಡನೆ ಕೂಡಿಸುತ್ತಾರೆ. ಒಂದು ಮರಿ ಕಪ್ಪಿಲ್ಲದೆ ಹುಟ್ಟಿದರೂ ಗುಟ್ಟು ರಟ್ಟಾದಂತೆ. ಹತ್ತು ಮರಿಗಳೂ ಸಾಮಾನ್ಯವಾಗಿಯೇ ಬಂದರೆ ಹಾವು ಶುದ್ಧವೆಂದು ನಂಬಬಹುದು. ಗುಣ ಅಡಗಿದ್ದೂ ಹಾಗಾಗುವುದು 1,024 ಬಾರಿಗೆ ಒಮ್ಮೆ ಮಾತ್ರ. ಆದರೂ ಆ ಒಂದು ಬಾರಿಯ ಸಂದೇಹ ಉಳಿದೇ ಇರುತ್ತದೆ.

1865ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಮೆಂಡಲ್ ಬ್ರೂನ್ ನಗರದ ನಿಸರ್ಗ ವಿಜ್ಞಾನ ಸಂಘದಲ್ಲಿ ತನ್ನ ಪ್ರಬಂಧವನ್ನು ಓದಿದನು. ಮರುವರ್ಷ ಅದು ಅಚ್ಚಾಯಿತು. ಸುಮಾರು 28,000 ಗಿಡಗಳ ಶ್ರಮ ಅದರಲ್ಲಿದ್ದಿತು. ಸಸ್ಯಶಾಸ್ತ್ರದಲ್ಲಿ ಗಣಿತವೇಕೆಂದು ಕೇಳುವ ಕಾಲವದು. ಅದರ ಬೆಲೆಯನ್ನು ಅರಿತವರಿಲ್ಲ. ಜರ್ಮನಿಯ ಪ್ರಸಿದ್ಧ ವಿಜ್ಞಾನಿ ನೇಗೆಲಿಗೂ ಪ್ರತಿ ತಲಪಿತು. ಅವನು ಬಟಾಣಿಯನ್ನು ಲೆಕ್ಕಿಸದೆ, ತಾನು ಅಭ್ಯಸಿಸುತ್ತಿದ್ದ ಹಾಕ್‌ವೀಡ್ ಎಂಬ ಗಿಡದತ್ತ ಮೆಂಡಲನನ್ನು ಎಳೆದನು. ಆ ಗಿಡ ಬಹುಮಟ್ಟಿಗೆ ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುತ್ತದೆಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲ. ಆ ಸಣ್ಣ ಹೂಗಳೊಡನೆ ಹೆಣಗಿ ಮೆಂಡಲನ ಕಣ್ಣುಗಳು ಬಳಲಿದವು; ಫಲಿತಾಂಶ ಅವನ ನಿಯಮಕ್ಕೆ ಹೊಂದಲಿಲ್ಲ.

1868ರಲ್ಲಿ ಅವನು ಮಠಾಧಿಪತಿಯಾದನು. ಮಠಗಳ ಮೇಲೆ ಸರ್ಕಾರ ಹಾಕಿದ ತೆರಿಗೆಯ ವಿರುದ್ಧ ಹೋರಾಡುವುದರಲ್ಲಿಯೇ ಉತ್ತರ ವಯಸ್ಸು ಸವೆಯಿತು. ಜೇನು ಸಾಕುವುದನ್ನೂ, ಮಳೆಗಾಳಿಗಳ ಲೆಕ್ಕವಿಡುವುದನ್ನೂ ಮಾತ್ರ ಬಿಡಲಿಲ್ಲ. 1884ರ ಜನವರಿ 6ರಂದು ತೀರಿಕೊಂಡನು. ಊರಿನವರು ಒಬ್ಬ ಒಳ್ಳೆಯ ಮಠಾಧಿಪತಿಗಾಗಿ ಕಣ್ಣೀರು ಹಾಕಿದರು. ಅವನ ಖಾಸಗಿ ಕಾಗದಪತ್ರಗಳಲ್ಲಿ ಬಹುಭಾಗ ಬೆಂಕಿಯ ಪಾಲಾಯಿತು.

1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕಾರೆನ್ಸ್, ಆಸ್ಟ್ರಿಯದ ಚೆರ್ಮಾಕ್ ತಂತಮ್ಮ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಹಳೆಯ ಗ್ರಂಥಗಳನ್ನು ತಿರುವಿದಾಗ, ಅದೇ ಕೆಲಸವನ್ನು ಬ್ರೂನ್‌ನ ಸಂನ್ಯಾಸಿಯೊಬ್ಬ ಮೂವತ್ತನಾಲ್ಕು ವರ್ಷಗಳ ಹಿಂದೆಯೇ ಅಚ್ಚು ಮಾಡಿಸಿದ್ದನೆಂದು ಅವರಿಗೆ ತಿಳಿದಿದ್ದಿತು. ಆ ವೇಳೆಗೆ ಮೆಂಡಲ್ ತೀರಿಕೊಂಡು ಹದಿನಾರು ವರ್ಷಗಳಾಗಿದ್ದವು.