ಕುಮಾರಿಲ ಭಟ್ಟರು

ವೇದಪ್ರಾಮಾಣ್ಯದ ವಿಚಾರ ಬಂದಾಗಲೆಲ್ಲ ನಾವು ಸ್ಮರಿಸಬೇಕಾದ ಹೆಸರು ಕುಮಾರಿಲ ಭಟ್ಟರದು. ಕ್ರಿ. ಶ. 7ನೆಯ ಶತಮಾನದ ಈ ಮೀಮಾಂಸಕರು ಶಾಬರಭಾಷ್ಯಕ್ಕೆ ಶ್ಲೋಕವಾರ್ತಿಕ, ತಂತ್ರವಾರ್ತಿಕ, ಟುಪ್‌ಟೀಕಾ ಎಂಬ ವ್ಯಾಖ್ಯಾನಗಳನ್ನು ರಚಿಸಿದರು. ದಿಙ್ನಾಗನು ಪ್ರತ್ಯಕ್ಷ, ಅನುಮಾನ ಇವೆರಡನ್ನೇ ಪ್ರಮಾಣವೆಂದಿದ್ದನು. ಭಟ್ಟರಾದರೋ ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವೆಂದೂ, ಅಪೌರುಷೇಯವಾದ ವೇದದಲ್ಲಿ ವಕ್ತೃದೋಷಕ್ಕೆ ಅವಕಾಶವೇ ಇಲ್ಲವೆಂದೂ ಸಾಧಿಸಿದರು. ನಮ್ಮ ಶ್ರೀಮದಾಚಾರ್ಯರೂ ಇವೆರಡನ್ನು ತಮ್ಮ ರೀತಿಯಲ್ಲಿ ಪ್ರತಿಪಾದಿಸಿರುವುದನ್ನು ವಾಚಕರು ಬಲ್ಲರು.

ಮಾಧವೀಯ ಶಂಕರವಿಜಯದ ಕಥೆಯಂತೆ, ಭಟ್ಟರು ವೇಷ ಮರೆಸಿಕೊಂಡು ಬೌದ್ಧರಲ್ಲಿ ಶಾಸ್ತ್ರ ಕಲಿತರು. ಒಮ್ಮೆ ವೇದನಿಂದೆಯನ್ನು ಕೇಳಿ ಕಣ್ಣೀರು ತಡೆಯಲಾಗದೆ ಸಿಕ್ಕಿಬಿದ್ದರು. ಉಪ್ಪರಿಗೆಯಿಂದ ತಳ್ಳಲ್ಪಟ್ಟಾಗ, ವೇದವು ಪ್ರಮಾಣವಾದರೆ ಬದುಕುವೆನೆಂದು ನುಡಿದರು. ಪ್ರಾಣವುಳಿಯಿತು, ಆದರೆ ಆ ಮಾತಿನಲ್ಲಿ ಸಂಶಯ ಸುಳಿದುದರಿಂದ ಒಂದು ಕಣ್ಣು ಹೋಯಿತು. ಮುಂದೆ ವಾದದಲ್ಲಿ ಗೆದ್ದರೂ ನೆಮ್ಮದಿಯಿಲ್ಲ. ವಿದ್ಯೆ ಕೊಟ್ಟವರು ಬೌದ್ಧರಾದರೇನು, ಗುರುಗಳೇ ಅಲ್ಲವೆ? ಆ ಗುರುದ್ರೋಹದ ಪ್ರಾಯಶ್ಚಿತ್ತಕ್ಕಾಗಿ ಪ್ರಯಾಗದಲ್ಲಿ ಹೊಟ್ಟಿನ ಬೆಂಕಿಯನ್ನು ಪ್ರವೇಶಿಸಿದರಂತೆ. ಕಥೆಯ ತಿರುಳು ಇದೇ ಎಂದು ನಮಗೆ ತೋರುತ್ತದೆ.

ಚರಿತ್ರೆಯೆಂದು ಇದನ್ನು ಹೇಳಲಾಗದು. 1608ರಲ್ಲಿ ಟಿಬೆಟ್ಟಿನ ತಾರಾನಾಥನು ಬರೆದ ಗ್ರಂಥದಲ್ಲಿ ವೇಷ ಮರೆಸಿಕೊಂಡವನು ಬೌದ್ಧನಾದ ಧರ್ಮಕೀರ್ತಿ. ಸೇವಕನಾಗಿ ಭಟ್ಟರ ಮನೆ ಸೇರಿ, ಶಾಸ್ತ್ರದ ಮರ್ಮವರಿತು, ಅವರನ್ನೇ ಸೋಲಿಸುತ್ತಾನೆ!

ಭಟ್ಟರ ಬೃಹಟ್ಟೀಕಾ ಇಂದು ದೊರೆಯುವುದಿಲ್ಲ. 8ನೆಯ ಶತಮಾನದ ಬೌದ್ಧ ಪಂಡಿತ ಶಾಂತರಕ್ಷಿತನು ಖಂಡಿಸಲೆಂದು ತನ್ನ ತತ್ತ್ವಸಂಗ್ರಹದಲ್ಲಿ ಎತ್ತಿಕೊಂಡುದರಿಂದ ಅದರ ಅನೇಕ ಶ್ಲೋಕಗಳು ಉಳಿದಿವೆಯೆಂದು ವಿದ್ವಾಂಸರ ಮತ. ಆ ತತ್ತ್ವಸಂಗ್ರಹವು 1926ರಲ್ಲಿ ಬಡೋದೆಯಲ್ಲಿ ಅಚ್ಚಾಯಿತು.